ಹಾರ್ಮೋನ್ ಇಂಜೆಕ್ಷನ್ ಮೇಲಿದ್ದರೂ ಪಿಎಸ್‌ಎ ಏರುತ್ತಿದೆ: ಬೋನ್ ಸ್ಕ್ಯಾನ್ ಈಗಲೇ ಮಾಡಿಸಬೇಕಾ?

ಮಂಡ್ಯ_ಓಪಿಡಿ
ಎಪ್ಪತ್ತು ದಾಟಿದ ಪ್ರಾಸ್ಟೇಟ್ ಕ್ಯಾನ್ಸರ್ ರೋಗಿ, ಟೆಸ್ಟೋಸ್ಟೆರೋನ್ ತಗ್ಗಿಸುವ ಲ್ಯುಪ್ರೊಲೈಡ್ ಇಂಜೆಕ್ಷನ್ ಮೇಲಿದ್ದಾರೆ. ಕ್ಯಾನ್ಸರ್ ಮೂಳೆಗೆ ಹರಡಿದೆಯಾ ಅಂತ ನೋಡುವ ಬೋನ್ ಸ್ಕ್ಯಾನ್ ಹಿಂದಿನ ಸಲ ಕ್ಲೀನ್. ಪಿಎಸ್‌ಎ (ಪ್ರಾಸ್ಟೇಟ್‌ನ ರಕ್ತಪರೀಕ್ಷೆ) ಜನವರಿಯಲ್ಲಿ 4.2, ಏಪ್ರಿಲ್‌ನಲ್ಲಿ 6.3, ಜೂನ್‌ನಲ್ಲಿ 9.6. ನೋವಿಲ್ಲ, ಎಎಲ್‌ಪಿ (ಮೂಳೆ, ಲಿವರ್‌ನಿಂದ ರಕ್ತಕ್ಕೆ ಬರುವ ಕಿಣ್ವ) ನಾರ್ಮಲ್. ಮೈಸೂರಿಗೆ ಕಳಿಸಿದರೆ ಅವರಿಗೂ ಜೊತೆಗೆ ಬರುವವರಿಗೂ ಒಂದು ದಿನದ ಕೂಲಿ ಹೋಗುತ್ತೆ. 'ಪಿಎಸ್‌ಎ 20 ದಾಟುವವರೆಗೆ ಸ್ಕ್ಯಾನ್ ಬೇಡ' ಅನ್ನೋ ರೂಲ್ ಇಲ್ಲಿಗೂ ನಡೆಯುತ್ತಾ? ಸ್ಕ್ಯಾನ್ ಪಾಸಿಟಿವ್ ಬರುತ್ತಾ ಇಲ್ವಾ ಅಂತ ಮೊದಲೇ ಅಂದಾಜು ಮಾಡೋದು ಹೇಗೆ?

ಯೂರೋ_ಮೈಸೂರು
ನಡೆಯಲ್ಲ ಡಾಕ್ಟ್ರೇ. ಆ 20ರ ಲೆಕ್ಕ ಹೊಸದಾಗಿ ಪತ್ತೆಯಾದ, ಇನ್ನೂ ಚಿಕಿತ್ಸೆ ಶುರುವಾಗದವರದ್ದು. ಇಂಜೆಕ್ಷನ್ ಪಿಎಸ್‌ಎಯನ್ನು ಅದುಮಿ ಹಿಡಿದಿರುವಾಗಲೂ 9.6ಕ್ಕೆ ಏರಿದೆ ಅಂದರೆ ಆ ಸಂಖ್ಯೆಯ ತೂಕವೇ ಬೇರೆ.

ಮೊದಲು ಟೆಸ್ಟೋಸ್ಟೆರೋನ್ ನೋಡಿ. ಡೆಸಿಲೀಟರ್‌ಗೆ 50 ನ್ಯಾನೋಗ್ರಾಂಗಿಂತ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಡೋಸ್ ತಪ್ಪಿರಬಹುದು ಅಥವಾ ತಡವಾಗಿರಬಹುದು, ಅದನ್ನು ಸರಿಮಾಡದೆ ಮುಂದಿನ ಲೆಕ್ಕಕ್ಕೆ ಅರ್ಥವಿಲ್ಲ.

ಆಮೇಲೆ ಡಬ್ಲಿಂಗ್ ಟೈಮ್, ಅಂದರೆ ಪಿಎಸ್‌ಎ ದುಪ್ಪಟ್ಟಾಗಲು ಹಿಡಿಯುವ ಸಮಯ. ತಿಂಗಳ ಅಂತರವನ್ನು 0.693ರಿಂದ ಗುಣಿಸಿ, ಎರಡು ಪಿಎಸ್‌ಎಗಳ ಅನುಪಾತದ ನ್ಯಾಚುರಲ್ ಲಾಗ್‌ನಿಂದ ಭಾಗಿಸಿ. ಜನವರಿ–ಏಪ್ರಿಲ್ 5.1 ತಿಂಗಳು ಬರುತ್ತೆ, ಏಪ್ರಿಲ್–ಜೂನ್ 3.3. ಅಂದರೆ ಏರಿಕೆಯೇ ವೇಗ ಹೆಚ್ಚಿಸಿಕೊಂಡಿದೆ. ಒಂದು ಷರತ್ತು: ಮೂರೂ ಒಂದೇ ಲ್ಯಾಬಿನದ್ದಾಗಿರಬೇಕು. ಪರೀಕ್ಷೆಯ ಕಿಟ್ ಬದಲಾದರೆ ಏರಿಕೆಯ ಸ್ವಲ್ಪ ಪಾಲು ಕಿಟ್‌ದೇ ಇರಬಹುದು.

ಪಿಎಸ್‌ಎ 5ರೊಳಗಿದ್ದು ನಿಧಾನಕ್ಕೆ ಏರುವವರಲ್ಲಿ ಸ್ಕ್ಯಾನ್ ಹೆಚ್ಚಾಗಿ ಖಾಲಿಯೇ ಬರುತ್ತೆ. 50 ದಾಟಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಸಿಟಿವ್. ನಡುವೆ ಇರುವವರಲ್ಲಿ ವೇಗವೇ ತೀರ್ಮಾನಿಸೋದು. ನಿಮ್ಮವರನ್ನು ಈಗಲೇ ಕಳಿಸಿ. ಖಾಲಿ ಬಂದರೂ ವ್ಯರ್ಥವಲ್ಲ: 10 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಡಬ್ಲಿಂಗ್ ಟೈಮ್, ಸ್ಕ್ಯಾನಲ್ಲಿ ಏನೂ ಇಲ್ಲ ಅನ್ನುವವರಲ್ಲೇ ಅಪಲುಟಮೈಡ್, ಎಂಜಲುಟಮೈಡ್, ಡ್ಯಾರೊಲುಟಮೈಡ್ (ಟೆಸ್ಟೋಸ್ಟೆರೋನ್ ಕೆಲಸ ತಡೆಯುವ ಮಾತ್ರೆಗಳು) ಟ್ರಯಲ್‌ಗಳು ನಡೆದದ್ದು.

ನಾರ್ಮಲ್ ಎಎಲ್‌ಪಿ ನೋಡಿ ನೆಮ್ಮದಿ ಪಡಬೇಡಿ. ಮೂಳೆ ಸವೆತ ತಡೆಯುವ ಝೋಲೆಡ್ರೋನಿಕ್ ಆಸಿಡ್ ಕೊಟ್ಟಿದ್ದರೆ ಅದು ಕುಗ್ಗಿರುತ್ತೆ. ಏರಿದ್ದರೆ ಲಿವರ್ ಕಿಣ್ವ ಜಿಜಿಟಿ ಜೊತೆಗಿಟ್ಟು ನೋಡಿ, ಲಿವರ್‌ದೋ ಮೂಳೆಯದೋ ಗೊತ್ತಾಗುತ್ತೆ.

ಗಾಮಾ_ಕ್ಯಾಮೆರಾ
ಕಳಿಸುವಾಗ ಬೆಳಿಗ್ಗೆಯ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ಸ್ಕ್ಯಾನ್‌ಗೆ ಬಳಸುವ ವಿಕಿರಣಶೀಲ ವಸ್ತು ಟೆಕ್ನೀಶಿಯಂ-99ಎಂನ ಅರ್ಧಾಯುಷ್ಯ 6 ಗಂಟೆ ಅಷ್ಟೇ. ಅದನ್ನು ಮೂಳೆಗೆ ಒಯ್ಯುವ ಎಂಡಿಪಿ ಜೊತೆ ಸುಮಾರು 20 ಮಿಲಿಕ್ಯೂರಿ ಕೊಟ್ಟ ಮೇಲೆ ಸುಮಾರು 3 ಗಂಟೆ ಕಾಯಬೇಕು. ಉಪವಾಸ ಬೇಕಿಲ್ಲ, ನೀರು ಚೆನ್ನಾಗಿ ಕುಡಿಯಲಿ, ಟೇಬಲ್ ಹತ್ತುವ ಮುಂಚೆ ಮೂತ್ರ ಪೂರ್ತಿ ಖಾಲಿ ಮಾಡಲಿ. ತುಂಬಿದ ಮೂತ್ರಕೋಶ ಸೊಂಟದ ಮೂಳೆಯನ್ನೇ ಮುಚ್ಚಿಬಿಡುತ್ತೆ. ಪಂಚೆ, ಒಳಚಡ್ಡಿಗೆ ನಾಲ್ಕು ಹನಿ ತಾಗಿದರೂ ಸಾಕು, ಪ್ಯೂಬಿಕ್ ಮೂಳೆಯಲ್ಲಿ ಹಾಟ್‌ಸ್ಪಾಟ್ ಥರ ಕಾಣುತ್ತೆ. ಬಟ್ಟೆ ಬದಲಿಸಿ, ಚರ್ಮ ಒರೆಸಿ ಮತ್ತೆ ತೆಗೆದರೆ ಮಾಯ.

ರೆಫರಲ್ ಚೀಟಿಯಲ್ಲಿ ಹಳೆಯ ಫ್ರ್ಯಾಕ್ಚರ್, ಬಿದ್ದದ್ದು, ಮಂಡಿ ಆಪರೇಷನ್ ಎಲ್ಲ ಬರೆಯಿರಿ. ಸಾಲಾಗಿ ಪಕ್ಕೆಲುಬುಗಳು ಹೊಳೆದರೆ ಹೆಚ್ಚಾಗಿ ಪೆಟ್ಟು. ಕೆಳಬೆನ್ನಿನ ಕೀಲಿನ ಸವೆತವೂ ಹೊಳೆಯುತ್ತೆ. ಒಂಟಿ ಚುಕ್ಕೆಗೆ ಸ್ಪೆಕ್ಟ್-ಸಿಟಿ (ಮೂರು ಆಯಾಮದ ಸ್ಕ್ಯಾನ್ ಜೊತೆ ಸಿಟಿ) ಕೇಳಿ. ಇಡೀ ಅಸ್ಥಿಪಂಜರ ಒಂದೇ ಸಮ ಹೊಳೆದು ಕಿಡ್ನಿಯೇ ಕಾಣದಿದ್ದರೆ 'ಎಷ್ಟು ಚೆನ್ನಾಗಿದೆ' ಅಂದುಕೊಂಡು ಮೋಸ ಹೋಗಬೇಡಿ, ಅದು ಸೂಪರ್‌ಸ್ಕ್ಯಾನ್, ರೋಗ ಮೂಳೆಗಳ ತುಂಬ ಹರಡಿರುವ ಗುರುತು.

ಹೊಸ ಮಾತ್ರೆ ಶುರು ಮಾಡುವ ಮುಂಚೆಯೇ ಒಂದು ಸ್ಕ್ಯಾನ್ ಇರಲಿ. ಶುರುವಾಗಿ 8–9 ವಾರಕ್ಕೆ ಹೊಸ ಚುಕ್ಕೆ ಕಂಡರೆ ಅದು ವಾಸಿಯಾಗುತ್ತಿರುವ ಮೂಳೆಯೂ ಆಗಿರಬಹುದು, ಫ್ಲೇರ್ ಅಂತೀವಿ. ಎರಡು ಹೊಸದು ಕಂಡರೂ ಕನಿಷ್ಠ 6 ವಾರ ಬಿಟ್ಟು ಮತ್ತೆ ಮಾಡಿ, ಇನ್ನೂ ಎರಡು ಸೇರಿಕೊಂಡರಷ್ಟೇ ರೋಗ ಮುಂದುವರಿದಿದೆ ಅನ್ನಬೇಕು.

ಮಂಡ್ಯ_ಓಪಿಡಿ
ಮೂರೂ ಒಂದೇ ಲ್ಯಾಬಿನದ್ದೇ. ಟೆಸ್ಟೋಸ್ಟೆರೋನ್ ಇವತ್ತೇ ಕಳಿಸ್ತೀನಿ. ಪಿಎಸ್‌ಎಂಎ ಪೆಟ್ (ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನೇ ಹುಡುಕುವ ಸ್ಕ್ಯಾನ್) ಮಾಡಿಸಿದರೆ ಒಂದೇ ಸಲಕ್ಕೆ ಮುಗಿಯಲ್ವಾ?

ಯೂರೋ_ಮೈಸೂರು
ಪೆಟ್ ಬೇಗ ಹಿಡಿಯುತ್ತೆ, ನಿಜ. ಆದರೆ ಮೊದಲು ಹೇಳಿದ ಟ್ರಯಲ್‌ಗಳಲ್ಲಿ 'ಏನೂ ಇಲ್ಲ' ಅಂದದ್ದು ಬೋನ್ ಸ್ಕ್ಯಾನ್ ಮತ್ತು ಸಿಟಿ ನೋಡಿ. ಪೆಟ್‌ನಲ್ಲಿ ಕಂಡ ಸಣ್ಣ ಚುಕ್ಕೆಗೆ ಆ ಲೆಕ್ಕ ನೇರವಾಗಿ ಹೊಂದಲ್ಲ. ಖರ್ಚೂ ಜಾಸ್ತಿ.

ಇನ್ನೊಂದು, ಕಾಲಲ್ಲಿ ಶಕ್ತಿ ಕಡಿಮೆ, ಮೂತ್ರ ಕಟ್ಟಿದೆ, ಮಲಗಿದರೆ ಬೆನ್ನುನೋವು ಹೆಚ್ಚುತ್ತೆ ಅಂದರೆ ಪಿಎಸ್‌ಎ ಎಷ್ಟೇ ಇರಲಿ, ಬೋನ್ ಸ್ಕ್ಯಾನ್‌ಗೆ ದಿನ ನಿಗದಿ ಮಾಡಿ ಕೂರಬೇಡಿ. ಬೆನ್ನುಹುರಿ ಒತ್ತಿಹೋಗುತ್ತಿರಬಹುದು, ಅದೇ ದಿನ ಇಡೀ ಬೆನ್ನುಹುರಿಯ ಎಂಆರ್‌ಐ.