ತೀರ್ಥನ್ ನದಿಯಲ್ಲಿ ಟ್ರೌಟ್ ಮೀನು ಹಿಡಿಯಲು ಯಾವ ತಿಂಗಳು ಸರಿ?

ಹೊಳೆದಂಡೆ: ಹಿಮಾಚಲದ ತೀರ್ಥನ್ ಕಣಿವೆಯಲ್ಲಿ ನಾಲ್ಕು ದಿನ ಫ್ಲೈ ಫಿಶಿಂಗ್ (ಹುಳುವಿನಂಥ ಕೃತಕ ಆಮಿಷ ಕಟ್ಟಿ ಗಾಳ ಹಾಕುವುದು) ಮಾಡಬೇಕೆಂದಿದೆ. ಮೇ ಒಳ್ಳೆಯದೋ, ಅಕ್ಟೋಬರೋ? 9 ಅಡಿಯ 5 ವೇಟ್ ರಾಡ್ (ಮಧ್ಯಮ ಬಲದ ಗಾಳದ ಕೋಲು) ಸಾಕೇ?

ಕಲ್ಲುಮಡು: ಅಕ್ಟೋಬರ್, ಅನುಮಾನವೇ ಬೇಡ. ನೀರು ಇಳಿದು ತಿಳಿಯಾಗಿರುತ್ತದೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆಯಿಡುವ ಕಾಲ. ಮೇನಲ್ಲಿ ಹಿಮ ಕರಗಿ ಮಧ್ಯಾಹ್ನದ ಮೇಲೆ ನೀರು ಏರುತ್ತದೆ; ಬೆಳಗ್ಗೆಯೇ ಇಳಿಯಿರಿ. ಜುಲೈ, ಆಗಸ್ಟ್ ಬೇಡವೇ ಬೇಡ: ಕೆಸರು, ದಿಢೀರ್ ಪ್ರವಾಹ, ಭೂಕುಸಿತ.

ರಾಡ್ ಧಾರಾಳ ಸಾಕು. ನೀರಲ್ಲಿ ತೇಲುವ ಫ್ಲೋಟಿಂಗ್ ಲೈನ್, ಅದರ ತುದಿಗೆ 9 ಅಡಿಯ ಸಪೂರ ದಾರ (ಲೀಡರ್), ಕೊನೆಗೆ ಇನ್ನೂ ತೆಳುವಾದ 5ಎಕ್ಸ್ ಟಿಪೆಟ್. ತುದಿಗೆ 14 ಅಥವಾ 16ನೇ ಅಳತೆಯ ಬೀಡ್‌ಹೆಡ್ ಫೆಸೆಂಟ್ ಟೇಲ್ ನಿಂಫ್ (ನೀರಿನ ಮರಿಹುಳುವಿನಂತೆ ಕಟ್ಟಿದ, ತಲೆಗೆ ಮಣಿಯಿರುವ ಆಮಿಷ). ಹೆಚ್ಚಿನವರು ಸೋಲುವುದು ಇಲ್ಲೇ: ನಡುವಿನ ರಭಸ ಲೈನನ್ನು ಎಳೆದು, ನಿಂಫ್ ತಳ ಬಿಟ್ಟು ಮೇಲೇಳುತ್ತದೆ. ಎಸೆದ ಕೂಡಲೇ ಲೈನನ್ನು ಹರಿವಿನ ಮೇಲ್ಬದಿಗೆ ಎತ್ತಿಹಾಕಿ. ಬಂಡೆಯ ಹಿಂದಿನ ನಿಧಾನ ನೀರನ್ನು ಮೊದಲು ಹುಡುಕಿ.

ತಿಳಿನೀರು: ಮೀನುಗಾರಿಕೆ ಇಲಾಖೆಯ ಪರವಾನಗಿ ಮೊದಲೇ ಮಾಡಿಸಿ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದೊಳಗೆ ಹೋಗಲು ಬೇರೆ ಅನುಮತಿ ಬೇಕು. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ, ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಿ. ಒಣಗೈ ಅದರ ಲೋಳೆ ಪದರ ಕಿತ್ತರೆ, ಬಿಟ್ಟ ಮೀನಿಗೂ ಸೋಂಕು ತಗಲಬಹುದು.