ಮೊದಲ ಗಿಟಾರ್ ನೆಕ್‌ಗೆ ಯಾವ ಟ್ರಸ್ ರಾಡ್ ಹಾಕಲಿ?

ಪ್ರಶ್ನೆ (ಹಾಸನದಿಂದ):
ನಮಸ್ಕಾರ ಎಲ್ಲರಿಗೂ. ನಮ್ಮ ತಂದೆ ಬಡಗಿ. ಅವರ ಹತ್ತಿರ ಮರಗೆಲಸ ಕಲಿತು ಈಗ ಮೊದಲ ಸಲ ಗಿಟಾರ್ ಮಾಡಲು ಕೂತಿದ್ದೇನೆ. ಅಕೂಸ್ಟಿಕ್, ಸ್ಟೀಲ್ ತಂತಿ, ಸ್ಕೇಲ್ (ತಂತಿಯ ನುಡಿಯುವ ಉದ್ದ) 648 ಮಿ.ಮೀ. ನೆಕ್‌ಗೆ ಮಹಾಗನಿ, ಅದರ ಮೇಲೆ ಲೋಹದ ಫ್ರೆಟ್ ಹೊಡೆಯುವ ಹಲಗೆ, ಅಂದರೆ ಫ್ರೆಟ್‌ಬೋರ್ಡ್‌ಗೆ ಬೀಟೆ. ನೆಕ್ ಒಳಗೆ ಕೂರಿಸಿ ಅದರ ಬಾಗು ಸರಿಮಾಡುವ ಟ್ರಸ್ ರಾಡ್‌ನಲ್ಲಿ ಒನ್ ವೇ (ಒಂದೇ ಕಡೆ ಬಾಗಿಸುವುದು), ಟೂ ವೇ (ಎರಡೂ ಕಡೆ ಬಾಗಿಸುವುದು) ಅಂತ ಎರಡು ಥರ ಸಿಗುತ್ತಿವೆ. ಲೇತ್ ಅಂಗಡಿಯವರು ಒಂದು ಸರಳಿಗೆ ಥ್ರೆಡ್ ಹಾಕಿಕೊಡುತ್ತೇನೆ, ಅಷ್ಟು ಸಾಕು ಅನ್ನುತ್ತಾರೆ. ಕಾರ್ಬನ್ ಫೈಬರ್ ಪಟ್ಟಿ ಹಾಕಿದರೆ ರಾಡೇ ಬೇಡ ಅಂತ ಇನ್ನೊಬ್ಬರು. ಕೈಯಾರೆ ಮಾಡಿದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ:
ಟೂ ವೇ ಹಾಕಿ. ನನ್ನ ಮೊದಲ ನೆಕ್ ಕಲಿಸಿದ ಪಾಠ ಇದು.

ನಾನೂ ಲೇತ್‌ನಲ್ಲೇ ಸರಳು ಮಾಡಿಸಿದ್ದೆ. ತಂತಿಗಳು ನೆಕ್ಕನ್ನು ಬಿಲ್ಲಿನ ಹಾಗೆ ಮುಂದಕ್ಕೆ ಎಳೆಯುತ್ತವೆ ಅನ್ನುವುದೊಂದೇ ಆಗ ತಲೆಯಲ್ಲಿತ್ತು. ಅದು ನಿಜವೇ. 12-53 ಸೆಟ್ (ತೆಳು ತಂತಿ 0.012 ಇಂಚು, ದಪ್ಪ ತಂತಿ 0.053 ಇಂಚು) ಹಾಕಿದರೆ ಆರೂ ತಂತಿಗಳ ಎಳೆತ ಸೇರಿ 70 ಕೆ.ಜಿ. ದಾಟುತ್ತದೆ. ಒಬ್ಬ ಆಳು ಜೋತುಬಿದ್ದ ಹಾಗೆ. ಒಂದೇ ಸರಳಿನ ಒನ್ ವೇ ರಾಡ್ ಈ ಎಳೆತವನ್ನು ತಡೆಯುತ್ತದೆ, ನೆಕ್ಕನ್ನು ಹಿಂದಕ್ಕೆ ತರುತ್ತದೆ. ಆದರೆ ಅದು ಮಾಡುವುದು ಅಷ್ಟೇ.

ನನಗೆ ತೊಂದರೆ ಬಂದಿದ್ದು ತಂತಿಯಿಂದ ಅಲ್ಲ, ಫ್ರೆಟ್‌ನಿಂದ. ಫ್ರೆಟ್‌ನ ಕಾಲು ಗರಗಸದ ಸೀಳಿಗಿಂತ ಸ್ವಲ್ಪ ದಪ್ಪ ಇದ್ದರೆ ಅದು ಬೆಣೆಯ ಹಾಗೆ ಕೆಲಸ ಮಾಡುತ್ತದೆ. 20 ಫ್ರೆಟ್ ಹೊಡೆದರೆ 20 ಬೆಣೆ. ಪ್ರತಿಯೊಂದೂ ಫ್ರೆಟ್‌ಬೋರ್ಡ್‌ನ ಮೇಲ್ಮೈಯನ್ನು ಒಂದು ಕೂದಲೆಳೆಯಷ್ಟು ಉದ್ದ ಮಾಡುತ್ತದೆ. ಎಲ್ಲ ಸೇರಿ ನೆಕ್ ಹಿಂದಕ್ಕೆ ಬಾಗಿಬಿಟ್ಟಿತು. ತಂತಿ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡೆ. ಸ್ವಲ್ಪ ಹೋಯಿತು, ಪೂರ್ತಿ ಹೋಗಲಿಲ್ಲ. ಮೊದಲ ನಾಲ್ಕೈದು ಫ್ರೆಟ್‌ಗಳಲ್ಲಿ ಎಲ್ಲಿ ಒತ್ತಿದರೂ ಜುಯ್ ಅನ್ನುವ ಸದ್ದು. ರಾಡ್ ಪೂರ್ತಿ ಸಡಿಲ ಮಾಡಿದೆ. ಅದರಾಚೆಗೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಕೊನೆಗೆ ಎಲ್ಲ ಫ್ರೆಟ್ ಕಿತ್ತು, ಬೋರ್ಡನ್ನು ಮತ್ತೆ ಮಟ್ಟ ಮಾಡಿ, ಸೀಳು ಅಗಲಿಸಿ ಹೊಸದಾಗಿ ಹೊಡೆಯಬೇಕಾಯಿತು.

ಟೂ ವೇ ರಾಡ್ ಇದ್ದಿದ್ದರೆ ಒಂದು ಅಲೆನ್ ಕೀಯಲ್ಲಿ ಮುಗಿಯುತ್ತಿತ್ತು. ಅದರಲ್ಲಿ ಎರಡು ಸರಳು, ಅಥವಾ ಒಂದು ಸರಳು ಮತ್ತು ಒಂದು ಚಪ್ಪಟೆ ಪಟ್ಟಿ ಇರುತ್ತದೆ. ಎರಡನ್ನೂ ತುದಿಗಳಲ್ಲಿ ಸೇರಿಸಿರುತ್ತಾರೆ. ಒಂದು ಗಿಡ್ಡವಾದರೆ ಜೋಡಿ ಆ ಕಡೆ ಬಾಗುತ್ತದೆ, ಉದ್ದವಾದರೆ ಈ ಕಡೆ. ಬಾಗುವ ಕೆಲಸ ಪೂರ್ತಿ ಉಕ್ಕಿನದೇ. ರಾಡ್ ಕೂರಿಸುವ ಗ್ರೂವ್ ಕೂಡ ನೇರ, ರೌಟರ್‌ಗೆ ಒಂದು ಗೈಡ್ ಕಟ್ಟಿದರೆ ಆಯಿತು. ಹಳೆ ಥರದ ಒಂಟಿ ಸರಳಿಗೆ ಗ್ರೂವನ್ನು ಕಮಾನಿನ ಹಾಗೆ ತೆಗೆಯಬೇಕು. ಮೊದಲ ಸಲಕ್ಕೆ ಅದು ಸುಮ್ನೆ ತಲೆನೋವು.

ಒಂದು ಮಾತು ಮಾತ್ರ ಮರೆಯಬೇಡಿ. ಓರೆ ಎಳೆಯ ಮರ, ಸರಿಯಾಗಿ ಒಣಗದ ಮರ ತಿರುಚಿಕೊಂಡರೆ ಯಾವ ರಾಡೂ ಸರಿಮಾಡುವುದಿಲ್ಲ. ರಾಡ್ ಬಾಗನ್ನು ಸರಿಮಾಡುತ್ತದೆ, ತಿರುಚನ್ನಲ್ಲ. ಮರ ಆರಿಸುವಾಗ ನಿಮ್ಮ ತಂದೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಮೈಸೂರಿನಿಂದ:
ನಾನು ರಿಪೇರಿ ಮಾಡುವವನು, ಮೇಲಿನವರ ಜೊತೆ ಅರ್ಧ ಒಪ್ಪುತ್ತೇನೆ. ಒಂಟಿ ಸರಳನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ 1921ರಲ್ಲಿ ಅರ್ಜಿ ಹಾಕಿ 1923ರಲ್ಲಿ ಪೇಟೆಂಟ್ ಪಡೆದ ಏರ್ಪಾಡು ಅದು. ಅಲ್ಲಿಂದ ಇಲ್ಲಿಯವರೆಗೆ ಎಷ್ಟೋ ಗಿಟಾರ್‌ಗಳು ಅದರ ಮೇಲೇ ನಿಂತಿವೆ. ತೂಕ ಕಡಿಮೆ. ಗ್ರೂವ್ ಚಿಕ್ಕದು, ಹಾಗಾಗಿ ನೆಕ್‌ನಲ್ಲಿ ಮರ ಜಾಸ್ತಿ ಉಳಿಯುತ್ತದೆ. ಫೆಂಡರ್ ಕಂಪನಿಯ ಹಳೆ ಗಿಟಾರ್‌ಗಳ ಮೇಪಲ್ ಮರದ ನೆಕ್ ಹಿಂದೆ ಕಂದು ಬಣ್ಣದ ಉದ್ದ ಪಟ್ಟಿ ಕಾಣುತ್ತದಲ್ಲ, ಅದು ಅಲಂಕಾರ ಅಲ್ಲ. ಹಿಂದಿನಿಂದ ರಾಡ್ ಇಳಿಸಿ ಮುಚ್ಚಿದ ಗುರುತು.

ಆದರೆ ಅದರಲ್ಲಿ ಮರವೇ ಒತ್ತಡ ಹೊರಬೇಕು. ನಟ್ ಬಿಗಿ ಮಾಡಿದಷ್ಟೂ ವಾಷರ್ ಮರದೊಳಗೆ ಕಚ್ಚುತ್ತದೆ. ನನ್ನ ಹತ್ತಿರ ಬರುವ ಕೆಟ್ಟ ನೆಕ್‌ಗಳಲ್ಲಿ ಜಾಸ್ತಿ ಇಂಥವೇ: ಯಾರೋ ಬಲವಂತವಾಗಿ ತಿರುಗಿಸಿದ್ದಾರೆ, ಮರ ಜಜ್ಜಿಹೋಗಿದೆ, ಇಲ್ಲವೇ ಥ್ರೆಡ್ ಹೋಗಿದೆ. ಯಾವ ರಾಡ್ ಆದರೂ ಒಂದು ಸಲಕ್ಕೆ ಕಾಲು ಸುತ್ತು. ತಿರುಗಿಸಿ, ಸ್ವಲ್ಪ ಹೊತ್ತು ಬಿಡಿ, ಮತ್ತೆ ಅಳೆಯಿರಿ.

ಕಾರ್ಬನ್ ಫೈಬರ್ ವಿಷಯ. ಮಾರ್ಟಿನ್ ಕಂಪನಿ 1985ರವರೆಗೆ ತಿರುಗಿಸುವ ರಾಡ್ ಹಾಕುತ್ತಲೇ ಇರಲಿಲ್ಲ. ಅಲುಗದ ಉಕ್ಕಿನ ಪಟ್ಟಿ ಇರುತ್ತಿತ್ತು. ಅಷ್ಟು ಕಾಲ ನಡೆಯಿತು ಅಂದಮೇಲೆ ಅದು ಸಾಧ್ಯ ಅಂತಾಯಿತು. ಆದರೆ ನೆಕ್ ಬಾಗಿದಾಗ ಫ್ರೆಟ್ ಕಿತ್ತು, ದಪ್ಪ ಕಾಲಿನ ಫ್ರೆಟ್ ಹೊಡೆದು ಸರಿಮಾಡುವ ಕೈ ಬೇಕು. ಕಾರ್ಬನ್ ಪಟ್ಟಿ ನೆಕ್ಕನ್ನು ಗಟ್ಟಿ ಮಾಡುತ್ತದೆ, ಹೊಂದಿಸುವುದಿಲ್ಲ. ಬೇಕಿದ್ದರೆ ರಾಡ್‌ನ ಎರಡು ಪಕ್ಕ ಹಾಕಿ, ರಾಡ್ ಬದಲಿಗೆ ಬೇಡ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಆಗಿದ್ದರೆ ಮಾತು ಬೇರೆ, ಅಲ್ಲಿ ಎಳೆತ ಹೆಚ್ಚುಕಡಿಮೆ ಅರ್ಧ. ರಾಡ್ ಇಲ್ಲದೆಯೇ ನಡೆಯುತ್ತದೆ.

ಮಂಗಳೂರಿನಿಂದ:
ನಮ್ಮ ಕಡೆ ಮಳೆಗಾಲದಲ್ಲಿ ನೆಕ್ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ. ನನ್ನ ಒಂದು ಗಿಟಾರ್ ಜುಲೈನಲ್ಲಿ ಮುಂದಕ್ಕೆ ಬಾಗುತ್ತದೆ, ಇನ್ನೊಂದು ಹಿಂದಕ್ಕೆ. ಅದಕ್ಕೇ ನನ್ನ ಓಟೂ ಟೂ ವೇಗೆ.

ಆದರೆ ಕೊಳ್ಳುವ ಮೊದಲು ಅದರ ಎತ್ತರ ಕೇಳಿ. ನಾನು ಕೇಳದೆ ಕೈಸುಟ್ಟುಕೊಂಡೆ. ಲೆಕ್ಕ ನೋಡಿ. ಮೊದಲ ಫ್ರೆಟ್ ಹತ್ತಿರ ನೆಕ್ ದಪ್ಪ ಒಟ್ಟು 21 ಮಿ.ಮೀ. ಅದರಲ್ಲಿ ಫ್ರೆಟ್‌ಬೋರ್ಡ್ 6. ಉಳಿದಿದ್ದು 15. ನನ್ನ ರಾಡ್‌ಗೆ 11 ಮಿ.ಮೀ. ಆಳ ಬೇಕಿತ್ತು. ಅಂದರೆ ನಡುವೆ ಮರ ಬರೀ 4 ಮಿ.ಮೀ. ಹಿಂಭಾಗ ದುಂಡಗೆ ಮಾಡುತ್ತಾ ಮಾಡುತ್ತಾ ಒಂದು ಕಡೆ ಅರ ಜಾಸ್ತಿ ಓಡಿತು, ಗ್ರೂವ್ ಕಾಣಿಸಿಕೊಂಡಿತು. ನಾಲ್ಕು ವಾರದ ಕೆಲಸ, ಅವತ್ತು ಊಟ ಸೇರಲಿಲ್ಲ. ಈಗ 9 ಮಿ.ಮೀ. ಎತ್ತರದ್ದೇ ತರಿಸುತ್ತೇನೆ.

ಇನ್ನೊಂದು: ಬೋರ್ಡ್ ಅಂಟಿಸುವಾಗ ಗ್ರೂವ್ ಮೇಲೆ ತೆಳು ಟೇಪ್ ಹಾಕಿ. ರಾಡ್‌ಗೆ ಅಂಟು ತಾಗಿದರೆ ಕತೆ ಮುಗಿಯಿತು. ಗ್ರೂವ್ ಸಡಿಲ ಇದ್ದರೆ ನುಡಿಸುವಾಗ ರಾಡ್ ಒಳಗೇ ಗಲಗಲ ಅನ್ನುತ್ತದೆ. ಎರಡು ಮೂರು ಕಡೆ ಸಿಲಿಕಾನ್ ಚುಕ್ಕೆ ಇಟ್ಟರೆ ನಿಲ್ಲುತ್ತದೆ.

ಹಾಸನದಿಂದ ಮತ್ತೆ:
ತುಂಬಾ ಉಪಕಾರವಾಯಿತು ಅಣ್ಣಂದಿರೇ. ಟೂ ವೇ ಅಂತ ತೀರ್ಮಾನ ಮಾಡಿದೆ. ತಿರುಗಿಸುವ ತುದಿ ಹೆಡ್‌ಸ್ಟಾಕ್ ಕಡೆಗಾ, ಸೌಂಡ್‌ಹೋಲ್ ಕಡೆಗಾ? ಯಾವ ಮುಖ ಮೇಲೆ ಬರಬೇಕು? ಸರಿಯಾಗಿದೆ ಅಂತ ಹೇಗೆ ಅಳೆಯಲಿ?

ಬೆಂಗಳೂರಿನಿಂದ:
ಸೌಂಡ್‌ಹೋಲ್ ಕಡೆಗೇ ಇಡಿ. ಹೆಡ್‌ಸ್ಟಾಕ್ ಕಡೆ ಕೀ ಹಾಕುವುದು ಸುಲಭ, ನಿಜ. ಆದರೆ ನೆಕ್ ಎಲ್ಲಕ್ಕಿಂತ ತೆಳ್ಳಗಿರುವುದು ಅಲ್ಲೇ, ಗಿಟಾರ್ ಬಿದ್ದರೆ ಮುರಿಯುವುದೂ ಅಲ್ಲೇ. ಅಲ್ಲಿಂದಲೇ ಮರ ತೆಗೆಯಲು ನನಗೆ ಮನಸ್ಸು ಬರುವುದಿಲ್ಲ. ಸೌಂಡ್‌ಹೋಲ್ ಕಡೆ ಇಟ್ಟರೆ ಒಳಗಿನ ಅಡ್ಡಪಟ್ಟಿಯಲ್ಲಿ ಕೀ ಹೋಗುವಷ್ಟು ತೂತು ಮೊದಲೇ ಮಾಡಿಕೊಳ್ಳಿ. ನಿಮ್ಮ ಸ್ಕೇಲ್‌ನಲ್ಲಿ 14ನೇ ಫ್ರೆಟ್‌ವರೆಗೆ ಸುಮಾರು 359 ಮಿ.ಮೀ. ಬರುತ್ತದೆ. ರಾಡ್ ಉದ್ದ ನೋಡುವಾಗ ಅದು ನೆನಪಿರಲಿ.

ಯಾವ ಮುಖ ಅನ್ನುವುದಕ್ಕೆ ಪುಸ್ತಕ ಬೇಡ. ರಾಡನ್ನು ಮೇಜಿನ ಮೇಲೆ ಇಟ್ಟು ಬಲಕ್ಕೆ ತಿರುಗಿಸಿ. ನಡುಭಾಗ ಯಾವ ಕಡೆ ಉಬ್ಬುತ್ತದೋ ಆ ಮುಖ ಫ್ರೆಟ್‌ಬೋರ್ಡ್ ಕಡೆಗೆ. ತಲೆಕೆಳಗಾಗಿ ಕೂರಿಸಿದರೆ ಬಲಕ್ಕೆ ತಿರುಗಿಸಿದಾಗ ಮುಂದಕ್ಕೆ ಬಾಗುತ್ತದೆ, ಮುಂದೆ ರಿಪೇರಿ ಮಾಡುವವರಿಗೆ ದಿಕ್ಕು ತಪ್ಪುತ್ತದೆ. ನೋಡಿದ ಮೇಲೆ ಮತ್ತೆ ನೇರ ಮಾಡಿಯೇ ಒಳಗಿಡಿ.

ಅಳೆಯುವುದಕ್ಕೆ, ಶ್ರುತಿ ಮಾಡಿದ ಮೇಲೆ ಮೊದಲ ಫ್ರೆಟ್‌ಗೆ ಕಾಪೋ (ಎಲ್ಲ ತಂತಿ ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ನೆಕ್ ಬಾಡಿಗೆ ಸೇರುವ ಫ್ರೆಟ್ ಹತ್ತಿರ ಆರನೇ ತಂತಿ ಒತ್ತಿ ಹಿಡಿಯಿರಿ. ಏಳನೇ ಫ್ರೆಟ್ ಮೇಲೆ ತಂತಿಗೂ ಫ್ರೆಟ್‌ಗೂ ನಡುವೆ 0.2ರಿಂದ 0.3 ಮಿ.ಮೀ. ಸಂದು ಇದ್ದರೆ ಸಾಕು. ಬೈಕ್ ಮೆಕ್ಯಾನಿಕ್ ಟ್ಯಾಪೆಟ್‌ಗೆ ಬಳಸುವ ಫೀಲರ್ ಗೇಜ್ ಇದೆಯಲ್ಲ, ಅದೇ ಸಾಕಾಗುತ್ತದೆ.

ಹಾಸನದಿಂದ:
ರಾಡ್ ಬಂತು, 9 ಮಿ.ಮೀ. ಎತ್ತರದ್ದು. ಬಲಕ್ಕೆ ತಿರುಗಿಸಿದಾಗ ಚಪ್ಪಟೆ ಪಟ್ಟಿಯ ಕಡೆ ಉಬ್ಬಿತು, ಆ ಮುಖಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೇನೆ. ಮೊದಲು ಒಂದು ತುಂಡು ಹಲಗೆಯಲ್ಲಿ ಗ್ರೂವ್ ತೆಗೆದು ನೋಡಿದೆವು. ಬೆರಳಲ್ಲಿ ಒತ್ತಿದರೆ ಇಳಿಯುತ್ತದೆ, ತಲೆಕೆಳಗೆ ಹಿಡಿದರೆ ಬೀಳುವುದಿಲ್ಲ. ಅಪ್ಪ ನಾಳೆ ಬೆಳಿಗ್ಗೆ ಮಹಾಗನಿಗೆ ಕೈಹಾಕೋಣ ಅಂದಿದ್ದಾರೆ.