ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) 5.2 ಬಂದಿದೆ, ನೇರ ಬಯಾಪ್ಸಿಗೆ (ಗ್ರಂಥಿಯ ಚೂರು ತೆಗೆದು ಪರೀಕ್ಷೆ) ಹೋಗಬೇಕಾ?

ಪ್ರಶ್ನೆ (ಮಾಲೂರು):
ಅಣ್ಣನಿಗೆ 54 ವರ್ಷ, ಸಕ್ಕರೆ ಕಾಯಿಲೆ ಇದೆ. ರಾತ್ರಿ ಮೂರು ಸಲ ಮೂತ್ರಕ್ಕೆ ಏಳ್ತಾರೆ, ಧಾರೆ ಸಣ್ಣ. ಮೂರು ವಾರದ ಹಿಂದೆ ಉರಿಮೂತ್ರ, ಜ್ವರ ಅಂತ ಆಂಟಿಬಯಾಟಿಕ್ ಕೊಟ್ಟಿದ್ರು. ಈಗ ಪಿಎಸ್‌ಎ 5.2. ತಂದೆಗೆ 60ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ನಾನು ತಮ್ಮ, 47.

ಉತ್ತರ (ಯೂರಾಲಜಿ ನರ್ಸ್, ಕೋಲಾರ):
ಧಾರೆ ಸಣ್ಣ ಆಗುವುದು ಹೆಚ್ಚಾಗಿ ವಯಸ್ಸಿಗೆ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರುವ ಗ್ರಂಥಿ) ದಪ್ಪಗಾಗುವುದರಿಂದ. ಅದು ಮೂತ್ರನಾಳದ ಸುತ್ತಲಿನ ಒಳಭಾಗದಲ್ಲಿ ಬೆಳೆದು ನಾಳವನ್ನು ಒತ್ತುತ್ತದೆ. ಕ್ಯಾನ್ಸರ್ ಬಹುಪಾಲು ಹೊರ ಅಂಚಿನಲ್ಲಿ, ಗುದನಾಳದ ಕಡೆಗೆ ಶುರುವಾಗುತ್ತದೆ, ಆರಂಭದಲ್ಲಿ ಯಾವ ತೊಂದರೆಯೂ ಗೊತ್ತಾಗುವುದಿಲ್ಲ. ಸಕ್ಕರೆ ಹತೋಟಿ ತಪ್ಪಿದರೂ ರಾತ್ರಿ ಏಳಬೇಕಾಗುತ್ತದೆ. ಹಾಗಾಗಿ ಲಕ್ಷಣದಿಂದ ಕ್ಯಾನ್ಸರ್ ಇದೆ ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು. ನಿಜವಾಗಿ ಭಾರ ಇರುವುದು ತಂದೆಯ ಕಾಯಿಲೆಗೆ: ತಂದೆಗೋ ಅಣ್ಣತಮ್ಮಂದಿರಿಗೋ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು. ಮನೆಯ ಹೆಣ್ಣುಮಕ್ಕಳಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಅಂತಲೂ ಕೇಳಿ. ಬಿಆರ್‌ಸಿಎ2 ವಂಶವಾಹಿಯ ದೋಷ ಆ ಕ್ಯಾನ್ಸರ್‌ಗಳಿಗೂ ಪ್ರಾಸ್ಟೇಟ್ ಕ್ಯಾನ್ಸರ್‌ಗೂ ಕಾರಣವಾಗಬಹುದು.

ಉತ್ತರ (ಲ್ಯಾಬ್ ಟೆಕ್ನಿಷಿಯನ್, ಚಿಂತಾಮಣಿ):
ಸೋಂಕಿನಿಂದಲೂ ಪಿಎಸ್‌ಎ ಏರುತ್ತದೆ. ಸೋಂಕಾಗಿ ಮೂರೇ ವಾರ, ಈ 5.2 ನಂಬಬೇಡಿ. ಯೂರಿನ್ ಕಲ್ಚರ್ (ಸೋಂಕು ಇದೆಯಾ ಅಂತ ನೋಡುವ ಮೂತ್ರ ಪರೀಕ್ಷೆ) ಸರಿ ಬರಲಿ, ಆರರಿಂದ ಎಂಟು ವಾರ ಬಿಟ್ಟು, ಅದೇ ಲ್ಯಾಬ್‌ನಲ್ಲಿ ಮತ್ತೆ ಮಾಡಿಸಿ. ಮುಂಚಿನ ಎರಡು ದಿನ ಸಂಭೋಗ, ಸೈಕಲ್ ಸವಾರಿ ಬೇಡ.

ಮೂತ್ರದ ತೊಂದರೆಗೆ ಮಾತ್ರೆ ತಿನ್ನುತ್ತಿದ್ದರೆ ಅದರ ಚೀಟಿ ತಪ್ಪದೆ ತೋರಿಸಿ. ಟ್ಯಾಮ್ಸುಲೋಸಿನ್ (ಮೂತ್ರ ಸರಾಗ ಮಾಡುವ ಮಾತ್ರೆ) ಒಂದೇ ಆದರೆ ಪಿಎಸ್‌ಎ ಬದಲಾಗದು. ಅದರ ಜೊತೆ ಡ್ಯುಟಾಸ್ಟರೈಡ್ (ಗ್ರಂಥಿ ಕುಗ್ಗಿಸುವ ಔಷಧಿ) ಸೇರಿದ ಮಾತ್ರೆ ಆರು ತಿಂಗಳು ತಿಂದಿದ್ದರೆ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ, 2.6 ಬಂದರೆ 5.2 ಅಂತ ಓದಬೇಕು. ಚೆನ್ನಾಗಿದೆ ಅಂತ ಮನೆಗೆ ಕಳಿಸಿಬಿಡುವ ಅಪಾಯ ಇರುವುದೇ ಇಲ್ಲಿ.

ಪ್ರಶ್ನೆ:
ಮತ್ತೆ ಮಾಡಿಸಿದಾಗಲೂ ಹೆಚ್ಚೇ ಬಂದರೆ?

ಉತ್ತರ (ಯೂರಾಲಜಿ ನರ್ಸ್, ಕೋಲಾರ):
ಮೊದಲು ಡಾಕ್ಟರ್ ಗುದದ್ವಾರದ ಮೂಲಕ ಬೆರಳಿನಿಂದ ಗ್ರಂಥಿ ಪರೀಕ್ಷೆ ಮಾಡುತ್ತಾರೆ. ನಾಚಿಕೆಗೆ ಬೇಡ ಅನ್ನಬೇಡಿ, ಗಟ್ಟಿ ಗಂಟು ಸಿಕ್ಕರೆ ಪಿಎಸ್‌ಎ ಕಡಿಮೆ ಇದ್ದರೂ ಮುಂದುವರಿಯಬೇಕು. ಆಮೇಲೆ ಎಂಆರ್‌ಐ, ಅದರಲ್ಲಿ ಅನುಮಾನ ಬಂದ ಜಾಗದಿಂದ ಬಯಾಪ್ಸಿ. ಸಕ್ಕರೆ ಇರುವುದರಿಂದ ಎಂಆರ್‌ಐಗೆ ಮೊದಲೇ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ನೋಡಿಸಿ. ಪಿಎಸ್‌ಎಯನ್ನು ಗ್ರಂಥಿಯ ಗಾತ್ರದಿಂದ ಭಾಗಿಸಿ ನೋಡುತ್ತಾರೆ: 60 ಮಿಲಿ ಗ್ರಂಥಿಗೆ 5.2 ಅಂದರೆ 0.09, 30 ಮಿಲಿಗೆ 0.17. 0.15 ದಾಟಿದರೆ ಅನುಮಾನ ಹೆಚ್ಚು.

ಮೂತ್ರ ಪೂರ್ತಿ ಕಟ್ಟಿದರೆ, ಬೆನ್ನುನೋವಿನ ಜೊತೆ ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂತ್ರದಲ್ಲಿ ರಕ್ತ ಬಂದರೆ ಒಂದೇ ಸಲ ಅಂತ ಸುಮ್ಮನಾಗಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿ, ಬೆಂಗಳೂರಿಗೆ ಹೋಗಬೇಕಾದರೆ ರೆಫರಲ್ ಪತ್ರ ಕೇಳಿ. ತಂದೆಯ ಹಳೇ ರಿಪೋರ್ಟೂ ಜೊತೆಗಿರಲಿ.

ನಿಮಗೂ 47 ಆಗಿದೆ, ತಂದೆಯ ಕಾಯಿಲೆಯ ಲೆಕ್ಕ ನಿಮಗೂ ಇದೆ. ನಿಮ್ಮ ಪಿಎಸ್‌ಎ ಬಗ್ಗೆಯೂ ಅದೇ ಡಾಕ್ಟರ ಹತ್ತಿರ ಮಾತಾಡಿ.